ಟೈಮ್‌ಟೇಬಲ್‌ನಲ್ಲಿ ರಾಹುಕಾಲ

ಹಸಿರು ಸ್ಕೆಚ್ ಪೆನ್ನು ಒಣಗಿದೆ, ಗೆರೆ ಅರ್ಧಕ್ಕೇ ನಿಂತಿತು, ತುದಿಯನ್ನು ನಾಲಿಗೆಗೆ ತಾಗಿಸಿದರೆ ಇನ್ನೊಂದು ಗೇಣು ಬರುತ್ತದೆ, ಐವತ್ತಾಗುತ್ತ ಬಂದರೂ ಈ ಅಭ್ಯಾಸ ಹೋಗಲಿಲ್ಲ, ಥೂ, ಕಹಿ — ಎಲ್ಲಿದ್ದೆ, ಹಾಂ, ಗುರುವಾರ, ಬೆಳಿಗ್ಗೆ ಐದೂವರೆಯಿಂದ ಏಳೂವರೆ ಲೀಗಲ್ ರೀಸನಿಂಗ್, ಆಮೇಲೆ ಸ್ನಾನ, ತಿಂಡಿ, ಒಂಬತ್ತಕ್ಕೆ ಪೇಪರ್ ಓದಿ ಜನರಲ್ ನಾಲೆಡ್ಜ್, ಹತ್ತೂವರೆಗೆ ಇಂಗ್ಲಿಷ್, ಡಿಸೆಂಬರ್ ಮೊದಲ ಭಾನುವಾರ ಪರೀಕ್ಷೆ, ಉಳಿದಿರುವುದು ಇಪ್ಪತ್ತೆರಡು ವಾರ, ಕೊನೆಯ ಆರು ವಾರ ಬರೀ ಮಾಕ್ ಟೆಸ್ಟ್. ಲಾ ಕಾಲೇಜಿನ ಪ್ರವೇಶ ಪರೀಕ್ಷೆಯನ್ನು ನನ್ನ ಮಗಳು ಮಾನ್ಯ ಬರೆಯುತ್ತಿರುವುದು ಎರಡನೇ ಸಲ, ಹೋದ ಸಲ ಕೂದಲೆಳೆಯಲ್ಲಿ ಸೀಟು ತಪ್ಪಿತು, ಒಂದು ವರ್ಷ ಮನೇಲೇ ಕೂತು ಓದ್ತೀನಮ್ಮ ಅಂದವಳು ಅವಳೇ, ನಾನಲ್ಲ, ಈಗ ಎಂಟು ದಿನದಿಂದ ಪುಸ್ತಕ ಮುಟ್ಟಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ, ಊಟಕ್ಕೆ ಬಂದರೂ ತಟ್ಟೆ ನೋಡಿಕೊಂಡು ಉಣ್ಣುತ್ತಾಳೆ. ಹಳೆಯ ಟೈಮ್‌ಟೇಬಲ್ಲು, ಎರಡು ಭಾನುವಾರ ಕೂತು ಐದು ಬಣ್ಣದಲ್ಲಿ ಬರೆದದ್ದು, ಒಂದು ನಿಮಿಷ ಕೂಡ ಪೋಲಾಗದ ಹಾಗೆ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ, ಗೋಡೆಯಿಂದ ಕಿತ್ತು ನಾಲ್ಕು ಚೂರು ಮಾಡಿದಳು, ಇನ್ನೊಂದು ತಂದು ಅಂಟಿಸಿದ್ರೆ ಪರೀಕ್ಷೆನೇ ಬರೆಯಲ್ಲ ನಾನು, ಅಷ್ಟೇ, ಅಂದಳು. ಎದುರು ಮಾತಾಡಿದಾಗಲೆಲ್ಲ ಬೀದಿಯವರೆಲ್ಲ ಲಾಯರಮ್ಮ ಲಾಯರಮ್ಮ ಎಂದು ಕರೆಯುತ್ತಿದ್ದ ಹುಡುಗಿ, ಈಗ ಎದುರು ಮಾತೂ ಇಲ್ಲ, ಮಾತೇ ಇಲ್ಲ. ನನಗೆ ಭಯವಾಗುತ್ತಿದೆ, ಸೀಟಿಗಲ್ಲ, ಸೀಟು ಹೋದರೆ ಹೋಗಲಿ, ಈ ಹುಡುಗಿ ನನ್ನ ಕೈ ತಪ್ಪಿ ಹೋಗುತ್ತಿದ್ದಾಳೆ ಎಂದು. ಅದಕ್ಕೇ ಬ್ಯಾಂಕಿಗೆ ರಜೆ ಹಾಕಿ ಕೂತಿದ್ದೇನೆ, ಈ ಸಲ ಸ್ವಲ್ಪ ಮೆತ್ತಗಿನದನ್ನು ಮಾಡೋಣ, ನಡುವೆ ಉಸಿರಾಡಲು ಜಾಗ ಇರುವಂಥದ್ದನ್ನು, ಗುರುವಾರ ಒಂದೂವರೆಯಿಂದ ಮೂರು — ಈ ಚೌಕದಲ್ಲಿ ಏನೂ ಬರೆಯುವುದಿಲ್ಲ.

ಏನೂ ಬರೆಯದೆ ಬಿಡುವುದನ್ನು ಕಲಿಸಿದವರು ಅಪ್ಪ. ತೊಂಬತ್ತನಾಲ್ಕನೇ ಇಸವಿ, ಚಾಮರಾಜಪೇಟೆಯ ಮನೆ, ನನ್ನ ಪಿಯುಸಿ ಪರೀಕ್ಷೆಗೆ ಮುಂಚಿನ ರಜೆ, ಅಜ್ಜಿ ವಿಶಾಲಾಕ್ಷಮ್ಮನ ದರ್ಬಾರು, ಹಣೆ ತುಂಬ ವಿಭೂತಿ ಬಳಿದುಕೊಂಡು ನನ್ನ ಎದುರಿಗೇ ಮಣೆ ಹಾಕಿಕೊಂಡು ಕೂತಿರುತ್ತಿದ್ದಳು, ಅಕ್ಷರ ಬಾರದಿದ್ದರೂ ನಾನು ಪುಟ ತಿರುಗಿಸಿದ ಸದ್ದು ಎಣಿಸುತ್ತಿದ್ದಳು, ಏನೇ ರಂಜಿನಿ, ಒಂದೇ ಹಾಳೆ ಮೇಲೆ ಎಷ್ಟೊತ್ತು ನಿದ್ದೆ ಮಾಡ್ತೀಯ? ಅಜ್ಜಿಯ ಮುಂದೆ ಅಪ್ಪನ ಬೇಳೆ ಬೇಯುತ್ತಿರಲಿಲ್ಲ, ಮಾಮೂಲ್‌ಪೇಟೆಯಲ್ಲಿ ಗುಂಡಿ, ದಾರ, ರಿಬ್ಬನ್ನು ಮಾರುವ ನಮ್ಮಪ್ಪ ನಂಜುಂಡಯ್ಯನವರು ಮನೆಗೆ ಬಂದರೆ ಬಾಯಿ ಬಿಡದ ಮನುಷ್ಯ. ಒಂದು ದಿನ ರಿಬ್ಬನ್ ಡಬ್ಬದ ರಟ್ಟಿನ ಮೇಲೆ ಟೈಮ್‌ಟೇಬಲ್ ಬರೆದು ತಂದರು, ಎಷ್ಟು ಚಂದದ ಅಕ್ಷರ, ದಿನಕ್ಕೊಂದು ಚೌಕ ಖಾಲಿ, ಮಂಗಳವಾರ ಮೂರರಿಂದ ನಾಲ್ಕೂವರೆ, ಬುಧವಾರ ಹನ್ನೆರಡರಿಂದ ಒಂದೂವರೆ, ಏನಪ್ಪಾ ಇದು ಎಂದರೆ ರಾಹುಕಾಲ, ಆ ಹೊತ್ತಲ್ಲಿ ಓದಿದ್ದು ತಲೇಲಿ ನಿಲ್ಲಲ್ಲ, ಅಲ್ವಾ ಅವ್ವ? ಅಜ್ಜಿ ಏನು ಹೇಳುತ್ತಾಳೆ, ರಾಹುಕಾಲದಲ್ಲಿ ಒಗ್ಗರಣೆಯನ್ನೂ ಹಾಕದವಳು, ಹೌದೌದು, ಪುಸ್ತಕ ಮುಚ್ಚಿಡೇ ಎಂದಳು. ತಮಾಷೆ ಏನೆಂದರೆ ಅಪ್ಪನಿಗೆ ಅದರಲ್ಲಿ ನಂಬಿಕೆಯೇ ಇರಲಿಲ್ಲ, ಲಿಂಗ ಕಟ್ಟಿಕೊಂಡೋರ್ಗೆ ರಾಹು ಏನ್ ಮಾಡ್ತಾನಮ್ಮ ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಅಂಗಡಿಯಿಂದ ನಡೆದು ಬರುತ್ತಿದ್ದರು, ಬೆವರಿದ ಕತ್ತು, ಕೈಯಲ್ಲಿ ಬೀಗದ ಕೈ ಗೊಂಚಲು, ಅಜ್ಜಿ ಆ ಹೊತ್ತೆಲ್ಲ ದೇವರ ಮುಂದೆ ಕಣ್ಣು ಮುಚ್ಚಿ ಕೂತಿರುತ್ತಿದ್ದಳು, ನಡಿ ಹೋಗೋಣ, ಮಕ್ಕಳ ಕೂಟದ ಪಾರ್ಕಿನ ಹತ್ತಿರ ಗಾಡಿಯಲ್ಲಿ ಸೀಬೆಕಾಯಿ, ಉಪ್ಪು ಖಾರ ಹಚ್ಚಿಸಿಕೊಂಡು ನೆರಳಲ್ಲಿ ಕೂರುವುದು, ಓದಿನ ಮಾತು ಒಂದೇ ಒಂದೂ ಇಲ್ಲ, ಯಾವ ಮರದ ಹೂವು ಯಾವ ಬಣ್ಣ, ಯಾವ ಗಿರಾಕಿ ಕೆಂಪು ರಿಬ್ಬನ್ನನ್ನು ಮೂರು ಸಲ ವಾಪಸ್ ತಂದ, ಇಂಥದ್ದೇ. ಅಂಗಡಿ ಯಾರಪ್ಪ ನೋಡ್ಕೋತಾರೆ ಎಂದು ಒಂದು ಸಲ ಕೇಳಿದ್ದೆ, ಬಾಗಿಲು ಹಾಕ್ಕೊಂಡು ಬಂದಿದೀನಿ ಕಣಮ್ಮ, ರಾಹುಕಾಲದಲ್ಲಿ ಯಾರು ಬರ್ತಾರೆ ವ್ಯಾಪಾರಕ್ಕೆ, ಪೇಟೆಯೆಲ್ಲ ಖಾಲಿ ಹೊಡೀತಿರುತ್ತೆ. ಎಂಥ ದಿನಗಳು, ಆ ಸೀಬೆಕಾಯಿ ಮತ್ತೆ ಎಲ್ಲೂ ಸಿಗಲಿಲ್ಲ, ಈ ಎನ್.ಆರ್. ಕಾಲೋನಿಯಲ್ಲಿ ಸಿಕ್ಕರೂ ಅಪ್ಪ ಇಲ್ಲ, ಹೋಗಿ ಹನ್ನೊಂದು ವರ್ಷ, ಎಷ್ಟು ನೆನಪಾಗುತ್ತಾರೆ.

ಬಾಗಿಲ ಸದ್ದು, ಮಾನ್ಯ ನೀರು ಕುಡಿಯಲು ಬಂದಳು, ನೋಡಬಾರದು, ನೋಡಿದರೆ ಒಳಗೆ ಹೋಗಿಬಿಡುತ್ತಾಳೆ, ಗೆರೆ ಎಳೆಯುತ್ತಿರಬೇಕು, ಅವಳೇ ಮೇಜಿನ ಹತ್ತಿರ ಬಂದು ನಿಂತಳು, ಲೋಟ ಹಿಡಿದ ಬೆರಳಿಗೆ ಉಗುರೇ ಇಲ್ಲ, ಎಲ್ಲ ಕಚ್ಚಿಕೊಂಡಿದ್ದಾಳೆ, ಯಾವಾಗಿನಿಂದ, ನನಗೆ ಗೊತ್ತೇ ಆಗಲಿಲ್ಲ. ಇದೇನು, ಈ ಚೌಕ ಖಾಲಿ? ರಾಹುಕಾಲ ಕಣೆ, ನಿಮ್ಮ ತಾತ ನನಗೆ ಹೀಗೇ ಮಾಡಿಕೊಡ್ತಿದ್ರು, ಆಗ ಓದಬೇಡ, ಆರಾಮಾಗಿರು. ಅವಳು ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ, ಆರಾಮಾಗಿ ಏನ್ ಮಾಡ್ಲಿ, ಒಬ್ಳೇ, ನೀನಂತೂ ಬ್ಯಾಂಕಲ್ಲಿರ್ತೀಯ. ಅಷ್ಟೇ ಹೇಳಿ ಒಳಗೆ ಹೋದಳು, ಬಾಗಿಲನ್ನು ಪೂರ್ತಿ ಹಾಕಲಿಲ್ಲ, ಒಂದು ಅಂಗೈಯಷ್ಟು ತೆರೆದಿದೆ. ನೀನಂತೂ ಬ್ಯಾಂಕಲ್ಲಿರ್ತೀಯ — ಹೌದು, ನಾನು ಬ್ಯಾಂಕಿನಲ್ಲಿ, ಅಪ್ಪ ಅಂಗಡಿಯಲ್ಲಿ, ಇಲ್ಲ, ಅಪ್ಪ ಬಂದಿದ್ದರು, ಪೇಟೆ ಖಾಲಿ ಇತ್ತಲ್ಲ ಬಂದಿದ್ದರು — ಖಾಲಿ? ಇವತ್ತು ಶುಕ್ರವಾರ, ಈ ಚಾರ್ಟ್ ಹಾಳೆ ತರಲು ಮಾಮೂಲ್‌ಪೇಟೆಗೆ ಹೋದಾಗ ಹತ್ತೂವರೆ ದಾಟಿತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಕಾಲಿಡಲು ಜಾಗವಿರಲಿಲ್ಲ, ಮದುವೆ ಸಾಮಾನಿನವರು, ಹೊರೆ ಹೊತ್ತವರು, ಸರ್ಕೊಳಿ ಸರ್ಕೊಳಿ, ನನ್ನ ಚಪ್ಪಲಿ ಯಾರದೋ ಕಾಲ ಕೆಳಗೆ ಸಿಕ್ಕಿ ಕಿತ್ತುಹೋಗುವುದರಲ್ಲಿತ್ತು. ಎಷ್ಟೋ ಸಲ ಹೋಗಿದ್ದೇನೆ, ಗಡಿಯಾರ ನೋಡಿರಲಿಲ್ಲ. ಯಾವತ್ತೂ ಖಾಲಿ ಇರಲಿಲ್ಲ, ಆಗಲೂ ಇರಲಿಲ್ಲ, ಮಾರ್ಚ್ ತಿಂಗಳು, ಮದುವೆ ಕಾಲ, ಮೂವತ್ತು ವರ್ಷ ನಂಬಿಕೊಂಡು ಕೂತಿದ್ದೆನಲ್ಲ, ಎಂಥ ಪೆದ್ದಿ ನಾನು. ಅಜ್ಜಿಗೊಂದು ಸುಳ್ಳು, ನನಗೊಂದು ಸುಳ್ಳು, ಅಪ್ಪಾ. ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳುತ್ತಿದೆ, ಬದರೀನಾರಾಯಣ, ನಮ್ಮ ಮ್ಯಾನೇಜರು, ರಜೆಯ ದಿನವೂ ಬಿಡುವುದಿಲ್ಲ, ಮೇಡಂ ಐದೇ ನಿಮಿಷ ಎನ್ನುತ್ತಾರೆ, ಐದು ನಿಮಿಷ ಅರ್ಧ ಗಂಟೆಯಾಗುತ್ತದೆ, ಆ ಬಾಗಿಲ ಸಂದಿಯಲ್ಲಿ ಮಾನ್ಯಳ ಪಾದ ಕಾಣುತ್ತಿದೆ, ಅಲ್ಲೇ ನಿಂತಿದ್ದಾಳೆ, ನಾನು ತೆಗೆದುಕೊಳ್ಳುತ್ತೇನೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತಿದ್ದಾಳೆ, ಹೇಗೆ ಮಾಡಿದಿರಪ್ಪ, ಮೆಟ್ಟಿಲ ಮೇಲೆ ಜನ ನಿಂತಿರುವಾಗ, ಮಗುವನ್ನು ಸೊಂಟಕ್ಕೇರಿಸಿಕೊಂಡ ಹೆಂಗಸು ಎರಡೇ ಗಜ ರಿಬ್ಬನ್ ಸ್ವಾಮಿ, ಕೊಟ್ಟು ಹೋಗಿ ಎನ್ನುತ್ತಿರುವಾಗ, ಒಂದು ಗಂಟೇಲಿ ಬರ್ತೀನಿ ತಾಯಿ, ಕೈ ಮೇಲಕ್ಕೆತ್ತಿ ಶಟರ್ ಎಳೆಯುತ್ತಾರೆ, ಬುಧವಾರ ಹನ್ನೆರಡಕ್ಕೆ ಎಳೆಯುತ್ತಾರೆ, ಗುರುವಾರ ಒಂದೂವರೆಗೆ ಎಳೆಯುತ್ತಾರೆ, ಶುಕ್ರವಾರ ಹತ್ತೂವರೆಗೆ, ಆಗ ತಾನೇ ತೆಗೆದ ಅಂಗಡಿ, ಮೆಟ್ಟಿಲ ತುಂಬ ಜನ, ಶಟರ್ ಸದ್ದು ಮಾಡುತ್ತ ಕೆಳಗೆ ಬರುತ್ತದೆ, ಜನ ಇನ್ನೂ ನಿಂತೇ ಇದ್ದಾರೆ, ಅಪ್ಪ ಬಗ್ಗಿ ಬೀಗ ಹಾಕುತ್ತಿದ್ದಾರೆ