ಉಳಿದೆರಡು ಅಂಕಿ

ನನ್ನ ಹೆಂಡತಿ ತೀರಿಕೊಂಡಾಗ ಪ್ರಾರ್ಥನಾ ಮಂದಿರದ ಗಡಿಯಾರದ ಮುಖ ಬರೆಯುವ ಕೆಲಸ ಅರ್ಧಕ್ಕೆ ನಿಂತಿತ್ತು. ಗಡಿಯಾರ ರಿಪೇರಿ ನನ್ನ ಕೆಲಸ. ಅದರ ಮುಖ ಬರೆಯುವುದು ಅವಳದು. ಅಂಗಡಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದೊಂದೇ ಅಂಕಿಯನ್ನು ಕಣ್ಣಳತೆಯಲ್ಲಿ ಕೂರಿಸುತ್ತಿದ್ದಳು. ಹತ್ತರವರೆಗೆ ಬರೆದಿದ್ದಳು. ಉಳಿದೆರಡನ್ನು ಬರೆಯುವಷ್ಟು ಆಯುಸ್ಸನ್ನು ದೇವರು ಕೊಡಲಿಲ್ಲ. ಅವನ ಲೆಕ್ಕವನ್ನು ನಾನು ಪ್ರಶ್ನಿಸುವವನಲ್ಲ.

ಅತ್ತೆಯ ಪಕ್ಕ ಕೂತು ಕಲಿತ ಸೊಸೆಯೇ ಅವನ್ನು ಬರೆಯುವುದೆಂದಾಯಿತು. ಅಷ್ಟರಲ್ಲಿ ಕಂಪ್ಯೂಟರಿನ ಹಳೆಯ ಪರದೆ ಸುಟ್ಟುಹೋಗಿ, ಮಗ ಎಲ್ಲಿಂದಲೋ ಬಳಸಿದ ಅಗಲ ಪರದೆಯೊಂದನ್ನು ತಂದು ಹಳೆಯ ಕೇಬಲ್ಲಿಗೇ ಸಿಕ್ಕಿಸಿದ. ಚಿತ್ರ ತೆರೆದರೆ ಗಡಿಯಾರದ ಮುಖ ಮಲಗಿಸಿದ ಮೊಟ್ಟೆಯಂತೆ ಕಂಡಿತು.

"ಅಮ್ಮನಿಗೆ ಕೊನೆಕೊನೆಗೆ ಕೈ ನಡುಗ್ತಿತ್ತು ಅಪ್ಪಾ," ಎಂದ ಮಗ. "ಎರಡೂ ಕಡೆಯಿಂದ ಒತ್ತಿ ದುಂಡಗೆ ಮಾಡೋಣ."

ಅವಳ ಕಡೆಯ ಕೆಲಸ ಸೊಟ್ಟವೆಂದು ಹೇಗೆ ಒಪ್ಪಲಿ?

"ಮುಟ್ಟಬೇಡಿ," ಎಂದಳು ಸೊಸೆ. "ಅತ್ತೆ ಸೊಟ್ಟಗೆ ಬರೆಯೋರಲ್ಲ. ಪರದೆಯೇ ಸರಿಯಿಲ್ಲ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದ ಮಗ.

"ನೆಲ ನಿಜವಾಗ್ಲೂ ಡೊಂಕಾಗಿದ್ರೆ ಏನ್ಮಾಡ್ತೀರಿ?"

ಅವಳು ಗೋಡೆಯ ಗಡಿಯಾರವನ್ನು ತೋರಿಸಿದಳು. ಅದರ ಮುಖವನ್ನೂ ನನ್ನವಳೇ ಬರೆದದ್ದು, ಗುಂಡಗೆ ನಾಣ್ಯದಂತಿದೆ. ಅದರ ಚಿತ್ರವನ್ನು ತೆರೆದಳು. ಅದೂ ಮೊಟ್ಟೆ.

ಮಗ ತಲೆ ಕೆರೆದುಕೊಂಡ. ನಾನು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡೆ.

"ಈ ಪರದೆ ತನ್ನ ಅಳತೆಯನ್ನ ಕಂಪ್ಯೂಟರಿಗೆ ಹೇಳ್ತಿಲ್ಲ ಮಾವ. ಕಂಪ್ಯೂಟರು ಅಗಲ ಕಡಿಮೆಯ ಹಳೇ ಪರದೆಗಳ ಅಳತೆ ಊಹಿಸಿಕೊಂಡು ಚಿತ್ರ ಕಳಿಸ್ತಿದೆ, ಪರದೆ ಅದನ್ನ ಅಗಲಕ್ಕೆ ಎಳೀತಿದೆ. ಸರಿಯಾದ ಅಳತೆ ನಾವೇ ಹೇಳಬೇಕು."

ಪರದೆಯ ಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿಯೊಂದನ್ನು ತೆರೆದು ಅಗಲ 1920, ಎತ್ತರ 1080 ಎಂದು ಕೊಟ್ಟಳು. ಕಂಪ್ಯೂಟರು ಅಂಕಿಗಳ ಉದ್ದನೆಯ ಸಾಲೊಂದನ್ನು ಲೆಕ್ಕಹಾಕಿ ಕೊಟ್ಟಿತು. ಎಕ್ಸ್‌ರ್ಯಾಂಡರ್ ಎಂಬ ಆಜ್ಞೆಯಿಂದ ಆ ಸಾಲನ್ನು ಹೊಸ ಅಳತೆಯಾಗಿ ಸೇರಿಸಿ ಪರದೆಗೆ ಹೊಂದಿಸಿದಳು. ಪರದೆ ಕಪ್ಪಾಯಿತು.

"ಇದ್ದದ್ದೂ ಹೋಯ್ತು," ಎಂದ ಮಗ.

"ತಾಳಿ. ಕೆಟ್ಟರೆ ತಾನೇ ಹಳೇದಕ್ಕೆ ಬಾ ಅಂತ ಮೊದಲೇ ಹೇಳಿಟ್ಟಿದೀನಿ."

ನಾನು ದೇವರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮೊಟ್ಟೆ ಮರಳಿತು. ಚಿತ್ರ ಕಳಿಸುವ ಇಷ್ಟು ವೇಗವನ್ನು ಹಳೆಯ ಕೇಬಲ್ಲು ತಡೆಯದೆಂದು, ವೇಗ ತಗ್ಗಿಸಿ ಇನ್ನೊಂದು ಸಾಲು ಪಡೆದಳು. ಈ ಸಲ ಪರದೆ ಒಮ್ಮೆ ಮಿಟುಕಿ ಬೆಳಗಿತು. ಸಕ್ಕರೆ ಡಬ್ಬಿಯ ದುಂಡನೆಯ ಮುಚ್ಚಳವನ್ನು ಚಿತ್ರದ ಮೇಲೆ ಹಿಡಿದು, ಚಿತ್ರವನ್ನು ಅಷ್ಟೇ ಅಳತೆಗೆ ತಂದಳು. ಸುತ್ತಲೂ ಕೂದಲೆಳೆಯಷ್ಟೂ ಮಿಕ್ಕಲಿಲ್ಲ.

"ಅಮ್ಮನ ಕೈ ಮೇಲೆ ನಾನೇ ತಪ್ಪು ಹೊರಿಸಿದೆ," ಎಂದ ಮಗ ಮೆಲ್ಲಗೆ.

"ಅತ್ತೆ ಇದ್ದಿದ್ರೆ ಕಿವಿ ಹಿಂಡಿರೋರು. ಹೋಗಿ, ಮುಚ್ಚಳ ಹಾಕಿಬನ್ನಿ. ಸಕ್ಕರೆಗೆ ಇರುವೆ ಮುತ್ಕೊಳ್ಳುತ್ತೆ."

ಆಮೇಲೆ ಅವಳು ಹನ್ನೊಂದು, ಹನ್ನೆರಡನ್ನು ಬರೆದಳು.

ಮಂದಿರದಲ್ಲಿ ಗಡಿಯಾರ ತೂಗುಹಾಕಿದ ದಿನ ಹಿರಿಯರೊಬ್ಬರು ಕತ್ತೆತ್ತಿ ನೋಡಿ, ಬರೆದವರು ಯಾರೆಂದು ಕೇಳಿದರು.

"ಹತ್ತರವರೆಗೆ ನನ್ನ ಹೆಂಡತಿ. ಮುಂದಿನದು ನನ್ನ ಸೊಸೆ," ಎಂದೆ.

ಅವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಕೈ ಬದಲಾದದ್ದು ಗೊತ್ತೇ ಆಗಲ್ವಲ್ಲ."

"ನನಗೂ ಗೊತ್ತಾಗಲಿಲ್ಲ."

ಆ ಗಡಿಯಾರವನ್ನು ನೋಡಿಯೇ ಎಲ್ಲರೂ ಪ್ರಾರ್ಥನೆಗೆ ಎದ್ದುನಿಂತರು. ನಾನು ಎಲ್ಲರಿಗಿಂತ ನೆಟ್ಟಗೆ ನಿಂತೆ.