ತಣ್ಣಗಾಗದ ರೇಡಿಯೇಟರ್

ಜೂನ್ ತಿಂಗಳು. ಹ್ಯಾಲಿಫ್ಯಾಕ್ಸಿನ ಆ ಕಲ್ಲುಮನೆಗಳ ಸಾಲಿನಲ್ಲಿ ಎಲ್ಲರೂ ಕಿಟಕಿ ತೆರೆದು ಉಸ್ಸಪ್ಪಾ ಎನ್ನುತ್ತಿದ್ದ ದಿನವೇ ಗ್ಲೆಂಡಾಳ ಮನೆಯ ರೇಡಿಯೇಟರುಗಳು, ಚಳಿಗೆ ಕೋಣೆ ಬೆಚ್ಚಗಿಡಲೆಂದು ಬಿಸಿನೀರು ಹರಿಸುವ ಗೋಡೆಯ ಕಬ್ಬಿಣದ ಪಟ್ಟಿಗಳು, ಕಾದು ಕೂತಿದ್ದವು. ಚಳಿಗಾಲದಲ್ಲಿ ಎಷ್ಟು ಗೋಗರೆದರೂ ಬೆಚ್ಚಗಾಗದ ಮಲಗುವ ಕೋಣೆಯದು ಕೂಡ ಈಗ ಮುಟ್ಟಿದರೆ ಚುರ್ ಎನ್ನುತ್ತಿತ್ತು. ಹಾಳಾದ್ದಕ್ಕೆ ಇವತ್ತೇ ಆಗಬೇಕಿತ್ತೆ!

ಯಾಕೆಂದರೆ ಮಧ್ಯಾಹ್ನ ಆಸ್ಪತ್ರೆಯ ಕಡೆಯಿಂದ ಮಿಸೆಸ್ ಹಾಲ್‌ರಾಯ್ಡ್ ಮನೆ ನೋಡಲು ಬರುವವರಿದ್ದರು. ಗ್ಲೆಂಡಾಳ ಗಂಡ ಕ್ಲಿಫ್‌ಗೆ ನರದ ಕಾಯಿಲೆ. ಸೆಖೆ ತಾಗಿದರೆ ಸಾಕು, ಅವನ ಕಾಲುಗಳು ಹೇಳಿದ ಮಾತು ಕೇಳುವುದಿಲ್ಲ. ವಸಂತದಲ್ಲಿ ಮೆಟ್ಟಿಲಿನಿಂದ ಬಿದ್ದವನು ಇನ್ನೂ ಆಸ್ಪತ್ರೆಯಲ್ಲಿದ್ದ. ಅವನು ಮನೆಗೆ ಬರಬೇಕಾದರೆ ಮಲಗುವ ಕೋಣೆ ತಂಪಾಗಿರಬೇಕು, ಮೈ ತೊಳೆಸಲು ಬರುವವರಿಗೆ ನಲ್ಲಿಯಲ್ಲಿ ಬಿಸಿನೀರು ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ನಾಳೆ ಅವನನ್ನು ಗುಡ್ಡದ ಮೇಲಿನ ಆರೈಕೆ ಮನೆಗೆ ಸಾಗಿಸುತ್ತಾರೆ. “ಅಲ್ಲಿಗೆ ಹೋದ್ರೆ ನಾನು ವಾಪಸ್ ಬರೋ ಆಸಾಮಿ ಅಲ್ಲ ಕಣೇ,” ಎಂದಿದ್ದ ಕ್ಲಿಫ್. ಅವನು ತಮಾಷೆ ಮಾಡದೆ ಆಡಿದ ಮಾತು ಅದೊಂದೇ.

ಗ್ಲೆಂಡಾ ಶಾಖ ಹೊಂದಿಸುವ ಥರ್ಮೋಸ್ಟಾಟನ್ನು ಕೆಳಗಿಳಿಸಿದಳು, ಏನೂ ಆಗಲಿಲ್ಲ. ಹೀಟಿಂಗಿನ ಗುಂಡಿಯನ್ನು ಆಫ್ ಮಾಡಿದಳು, ಅದು ಮೊದಲೇ ಆಫ್ ಆಗಿತ್ತು. ರೇಡಿಯೇಟರಿನ ಬುಡದ ತಿರುಪುಗಳೋ, ಬಣ್ಣದ ಮೇಲೆ ಬಣ್ಣ ಬಳಿಸಿಕೊಂಡು ಬಿಗಿದುಹೋಗಿದ್ದವು. ರೇಡಿಯೇಟರಿಗೂ ನಲ್ಲಿಗೂ ನೀರು ಕಾಯಿಸುವ ಬಾಯ್ಲರನ್ನೇ ಆರಿಸಿದರೆ ಮನೆ ತಣ್ಣಗಾಗುತ್ತದೆ, ಆದರೆ ಬಿಸಿನೀರೂ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ರಿಪೇರಿಯವರಿಗೆ ಫೋನ್ ಮಾಡಿದರೆ ಒಬ್ಬ ಮುಂದಿನ ವಾರ ಎಂದ, ಇನ್ನೊಬ್ಬ ಸ್ಪೇನಿನ ಸಮುದ್ರದಂಡೆಯಲ್ಲಿ ಬಿಸಿಲು ಕಾಯಿಸುತ್ತಿದ್ದ.

“ನಿನ್ನ ಗಂಡ ನಲವತ್ತು ವರ್ಷ ಊರಿಗೆಲ್ಲ ಹೀಟಿಂಗ್ ಕೂರಿಸಿದ. ಸ್ವಂತ ಮನೆ ತಿರುಪಿಗೆ ಒಂದು ತೊಟ್ಟು ಎಣ್ಣೆ ಬಿಟ್ಟಿಲ್ಲ ನೋಡು,” ಎಂದಳು ಪಕ್ಕದ ಮನೆಯ ಪಾಲೀನ್, ಬೆವರು ಒರೆಸಿಕೊಳ್ಳುತ್ತ. “ಮನೆಗೆ ಮಾರಿ, ಊರಿಗೆ ಉಪಕಾರಿ! ಅವನಿಗೇ ಫೋನ್ ಹಚ್ಚೇ ಮಾರಾಯ್ತಿ.”

“ಮಲಗಿರೋ ಮನುಷ್ಯನಿಗೆ ಯಾಕೆ ಗಾಬರಿ?”

“ಗಾಬರಿ ಏನು ಬಂತು? ಕೆಟ್ಟ ಬಾಯ್ಲರ್ ಅಂದ್ರೆ ಅವನಿಗೆ ಹಬ್ಬ.”

ಅದೇ ಸರಿಯಾಯಿತು. ವಿಷಯ ಕೇಳಿದ ಕೂಡಲೇ ಕ್ಲಿಫ್‌ನ ದನಿಯಲ್ಲಿ ಇಷ್ಟು ತಿಂಗಳು ಕಾಣದ ಜೀವ ಬಂತು. “ಅಳೋದನ್ನ ಆಮೇಲೆ ಇಟ್ಕೋ. ಹಂಡೆ ಕಪಾಟಿನ ಹತ್ರ ಹೋಗು.”

ಮಹಡಿಯ ಮೇಲೆ ಬಿಸಿನೀರಿನ ತಾಮ್ರದ ಹಂಡೆ ಇರುವ ಕಪಾಟು ಅದು. ಅಲ್ಲಿನವರ ಮನೆಗಳಲ್ಲಿ ಅದರೊಳಗೇ ಹಲಗೆ ಬಡಿದು, ಒಗೆದ ಟವೆಲು, ದುಪ್ಪಟಿಗಳನ್ನು ಬೆಚ್ಚಗಿರಲಿ ಎಂದು ಜೋಡಿಸಿಡುತ್ತಾರೆ. ಗ್ಲೆಂಡಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬಾಗಿಲು ತೆರೆದಳು.

“ಹಂಡೆ ಪಕ್ಕ ಎರಡು ಪೈಪು, ಒಂದೊಂದಕ್ಕೂ ಒಂದು ಬೆಳ್ಳಿ ಬಣ್ಣದ ಡಬ್ಬಿ. ಕಂಡ್ವಾ? ಎಡಗಡೇದು ಹಂಡೇಗೆ, ಬಲಗಡೇದು ರೇಡಿಯೇಟರಿಗೆ. ಬಲಗಡೆ ಡಬ್ಬಿ ಕೆಳಗೆ ಪೈಪು ಮುಟ್ಟು. ಹುಷಾರು.”

“ಅಯ್ಯಯ್ಯೋ, ಸುಡ್ತಿದೆ!”

“ಸುಡ್ಲೇಬೇಕು. ಈಗ ಡಬ್ಬಿ ಮೇಲಿನ ಪೈಪು ಮುಟ್ಟು.”

“ಅದೂ ಸುಡ್ತಿದೆ.”

“ಹಾಂ! ಅದು ಸುಡಬಾರದು. ಹೀಟಿಂಗ್ ಆಫ್ ಇದ್ದಾಗ ಆ ಡಬ್ಬಿಯೊಳಗಿನ ವಾಲ್ವು ಮುಚ್ಕೊಂಡು ನೀರನ್ನ ತಡೀಬೇಕು. ಅದು ಬಾಯಿ ಬಿಟ್ಕೊಂಡು ಕೂತಿದೆ. ಡಬ್ಬಿ ಪಕ್ಕಕ್ಕೆ ಒಂದು ಪುಟ್ಟ ಕಡ್ಡಿ ಇರ್ಬೇಕು, ಎಲ್ಲಿದೆ ನೋಡು.”

ಕಾಣುವುದೆಲ್ಲಿ? ಇಸ್ತ್ರಿ ಮಾಡಿದ ಟವೆಲುಗಳ ರಾಶಿ ಡಬ್ಬಿಯ ಮೇಲೇ ಒತ್ತಿಕೊಂಡು ನಿಂತಿತ್ತು. ಗ್ಲೆಂಡಾ ಅವನ್ನು ಎಳೆದು ನೆಲಕ್ಕೆ ಹಾಕಿದಳು. “ಕ್ಲಿಫ್, ಕಡ್ಡಿ ಆ ತುದಿಗೆ ಹೋಗಿ ಕಚ್ಚಿಗೆ ಸಿಕ್ಕಿಕೊಂಡಿದೆ.”

ಅತ್ತ ಕಡೆಯಿಂದ ಜೋರು ನಗೆ. “ಕೈಯಲ್ಲಿ ವಾಲ್ವು ತೆರೆಯೋಕೆ ಇರೋ ಕಡ್ಡಿ ಅದು. ಯಾರೋ ಟವೆಲ್ ತುರುಕಿದ್ದಾರೆ, ಟವೆಲು ಕಡ್ಡೀನ ತಳ್ಳಿದೆ. ಸ್ವಲ್ಪ ಹೊರಗೆಳೆದು ಬಿಟ್ಬಿಡು, ಅದರ ಪಾಡಿಗೆ ಅದು ಹೋಗುತ್ತೆ.”

ಎಳೆದು ಬಿಟ್ಟಳು. ಒಳಗಿನ ಸ್ಪ್ರಿಂಗು ಕಡ್ಡಿಯನ್ನು ಮೆಲ್ಲಗೆ ಮೊದಲಿನ ಜಾಗಕ್ಕೆ ಒಯ್ದಿತು. ಇಷ್ಟೇನಾ, ಇಷ್ಟಕ್ಕಾ ಬೆಳಿಗ್ಗೆಯಿಂದ ಜೀವ ಹೋದದ್ದು ಎಂದು ಗ್ಲೆಂಡಾ ಹಿಂದಿರುಗಿ ನೋಡಿದರೆ, ಪಾಲೀನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು.

ಕ್ಲಿಫ್ ಬರುತ್ತಾನೆಂದು ಮನೆಯ ಬಟ್ಟೆಯನ್ನೆಲ್ಲ ನಿನ್ನೆ ಹೊತ್ತೊಯ್ದು, ಒಗೆದು, ಇಸ್ತ್ರಿ ಮಾಡಿ, ಕಪಾಟಿಗೆ ತುಂಬಿದವಳು ಅವಳೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

“ನಾನು... ನನ್ನಿಂದ ಅವನು ಮನೆಗೆ ಬರೋದೇ ತಪ್ಪಿಹೋಗ್ತಿತ್ತಲ್ಲೇ,” ಎಂದು ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

ಬೆಳಿಗ್ಗೆ ಆಗಿದ್ದರೆ ಗ್ಲೆಂಡಾ ಏನಾದರೂ ಅಂದುಬಿಡುತ್ತಿದ್ದಳೇನೋ. ಈಗ ಅವಳ ಪಕ್ಕದಲ್ಲೇ ಕೂತಳು. “ಬಾಯಿ ಮುಚ್ಚೇ. ನಾನು ಆಸ್ಪತ್ರೆಯಿಂದ ಬರೋ ಹೊತ್ತಿಗೆ ದಿನಾ ಬಿಸಿ ಸೂಪು ಇಟ್ಟವಳು ಯಾರು? ನೀನಿಲ್ಲದಿದ್ರೆ ಈ ಮನೇಲಿ ನಾನೂ ಇರ್ತಿರ್ಲಿಲ್ಲ. ನಿನ್ನ ಉಪಕಾರ ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ, ಈಗ ಹೇಳ್ತಿದ್ದೀನಿ.”

ಇಬ್ಬರೂ ಅತ್ತರು. ಫೋನು ಇನ್ನೂ ಚಾಲೂ ಇತ್ತು. “ಪಾಲೀನ್,” ಎಂದ ಕ್ಲಿಫ್ ಅತ್ತಲಿಂದ, “ಟವೆಲು ಮೆತ್ತಗಿದ್ರೆ ಸರಿ, ಕ್ಷಮಿಸಿದ್ದೀನಿ.”

ಆದರೆ ಕಾದ ಕಬ್ಬಿಣ ಒಂದು ಮಾತಿಗೆ ತಣ್ಣಗಾಗುತ್ತದೆಯೇ? ಸ್ವಲ್ಪ ಹೊತ್ತಿಗೆಲ್ಲ ಮಿಸೆಸ್ ಹಾಲ್‌ರಾಯ್ಡ್ ಬಂದೇಬಿಟ್ಟರು. ನಲ್ಲಿ ತಿರುಗಿಸಿ ನೀರು ನೋಡಿದರು, ತಲೆಯಾಡಿಸಿದರು. ಕೋಣೆಗೆ ಹೋಗಿ ರೇಡಿಯೇಟರ್ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು.

“ಇದು ಬಿಸಿಯಿದೆ.”

ಗ್ಲೆಂಡಾ ಮುಚ್ಚುಮರೆ ಮಾಡದೆ ನಡೆದದ್ದನ್ನೆಲ್ಲ ಹೇಳಿದಳು. “ಈಗ ಸರಿಹೋಗಿದೆ, ಖಂಡಿತ ತಣ್ಣಗಾಗುತ್ತೆ,” ಎಂದಳು. ತನ್ನ ದನಿ ತನಗೇ ಭಿಕ್ಷೆ ಬೇಡಿದಂತೆ ಕೇಳಿಸಿತು.

“ಎಲ್ಲರೂ ಹಾಗೇ ಹೇಳ್ತಾರೆ,” ಎಂದರು ಮಿಸೆಸ್ ಹಾಲ್‌ರಾಯ್ಡ್. ಇದ್ದದ್ದು ಇದ್ದ ಹಾಗೆ ಬರೆದು ಹೊರಟುಬಿಟ್ಟಿದ್ದರೆ ಅವರನ್ನು ಯಾರೂ ದೂರುವಂತಿರಲಿಲ್ಲ. ಅವರು ಗ್ಲೆಂಡಾಳ ಮುಖವನ್ನೊಮ್ಮೆ ನೋಡಿ, ಚೀಲ ಕೆಳಗಿಟ್ಟರು. “ಬಾಯ್ಲರ್ ಉರೀತಾ ಇರ್ಲಿ, ಕಿಟಕಿ ತೆಗೀರಿ. ಇದು ತಣ್ಣಗಾಗೋದನ್ನ ನಾನು ಕಣ್ಣಾರೆ ನೋಡ್ಬೇಕು. ಅಲ್ಲೀವರೆಗೆ ಟೀ ಏನಾದ್ರೂ ಸಿಗುತ್ತಾ?”

ಸಿಗುತ್ತಾ ಅಂತೆ! ಟೀ ಬಂತು, ಪಾಲೀನಳ ಮನೆಯಿಂದ ಶುಂಠಿ ಕೇಕು ಬಂತು. ಮಿಸೆಸ್ ಹಾಲ್‌ರಾಯ್ಡ್ ಆಮೇಲೆ ನೋಡಬೇಕಿದ್ದ ಮನೆಯವರಿಗೆ ಫೋನ್ ಮಾಡಿ ತಡವಾಗುತ್ತದೆ ಎಂದರು. ಒಂದೊಂದು ಕಪ್ಪು ಮುಗಿದಾಗಲೂ ಎದ್ದುಹೋಗಿ ರೇಡಿಯೇಟರ್ ಮುಟ್ಟಿ ಬಂದರು. ಮೊದಲು ‘ಇನ್ನೂ ಇದೆ’ ಎಂದರು, ಆಮೇಲೆ ‘ಉಗುರುಬೆಚ್ಚಗೆ’ ಎಂದರು. ಕೊನೆಯ ಸಲ ಹೋದವರು ಬೇಗ ಬರಲಿಲ್ಲ.

ಅವರು ಬಾಗಿಲಲ್ಲಿ ನಿಂತು, “ನಲ್ಲೀಲಿ ಕೈ ಸುಡುತ್ತೆ, ಇಲ್ಲಿ ತಣ್ಣಗಿದೆ,” ಎಂದರು. “ನಾಳೆ ಕರ್ಕೊಂಡು ಬನ್ನಿ.”

ಗ್ಲೆಂಡಾ ಅವರ ಎರಡೂ ಕೈ ಹಿಡಿದುಕೊಂಡು ಹಾಗೇ ನಿಂತಳು. ಮಿಸೆಸ್ ಹಾಲ್‌ರಾಯ್ಡ್ ಕೈ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಕ್ಲಿಫ್‌ಗೆ ಫೋನ್ ಮಾಡಿ ಸುದ್ದಿ ಹೇಳಿದಳು. ಅತ್ತಲಿಂದ ನಗೆಯಿಲ್ಲ, ತಮಾಷೆಯಿಲ್ಲ.

“ಗ್ಲೆಂಡಾ, ನಾಳೆ ಬರುವಾಗ ನನ್ನ ಬೂಟು ತಗೊಂಡು ಬಾ. ನಮ್ಮನೆ ಹೊಸ್ತಿಲು ನಾನು ನಡ್ಕೊಂಡೇ ದಾಟ್ಬೇಕು.”