ಒಳಮಗ್ಗುಲಿನ ಹಂಸ

ನಮ್ಮ ಮನೆಯಲ್ಲಿ ಸೋಫಾ ಇದೆ, ಆರು ದಿಂಬುಗಳಿವೆ, ಎರಡು ಕಿಟಕಿಗೂ ಪರದೆಗಳಿವೆ, ದೀಪಕ್ಕೊಂದು ಬಟ್ಟೆಯ ಟೋಪಿ ಕೂಡ ಇದೆ. ಇವುಗಳ ಚಂದವನ್ನು ಮಾತ್ರ ನಾವು ಕಣ್ತುಂಬ ನೋಡಿದವರಲ್ಲ. ಅಮ್ಮ ಎಲ್ಲವನ್ನೂ ಉಲ್ಟಾ ಹಾಕಿಡುತ್ತಾಳೆ. ಗಂಟು, ತೇಪೆ, ದಾರದ ತುದಿಗಳು ನಮ್ಮ ಕಡೆಗೆ. ಹೂವು, ಪಟ್ಟೆ, ಅಕ್ಕನ ಕೈಚಳಕವೆಲ್ಲ ಒಳಕ್ಕೆ. ಬಣ್ಣ ಮಾಸಬಾರದು, ಧೂಳು ಕೂರಬಾರದು, ನಮ್ಮ ಬೆನ್ನು ತಾಗಿ ಸವೆಯಬಾರದು. ಯಾರಾದರೂ ಬರುತ್ತಾರೆಂದರೆ ಕಾಲು ಗಂಟೆ ಮೊದಲು ಮೂವರೂ ಸೇರಿ ಮನೆಯನ್ನು ಮಗುಚಿ ಹಾಕುತ್ತೇವೆ. ಬಂದವರು ಮೆಟ್ಟಿಲು ಇಳಿಯುತ್ತಿದ್ದಂತೆ ಮತ್ತೆ ಮಗುಚುತ್ತೇವೆ.

"ನಾವು ಮನುಷ್ಯರಲ್ವೇನಮ್ಮಾ?" ಎಂದು ಒಮ್ಮೆ ಕೇಳಿದ್ದೆ.

"ಮನುಷ್ಯರೇ. ಆದ್ರೆ ದಿನಾ ಇರೋ ಮನುಷ್ಯರು."

ಎಲ್ಲವೂ ಹಳೆಯ ಸಾಮಾನು. ಸೋಫಾ ಎಂದು ನಾವು ಕರೆಯುವುದು ಬಾಗಿಲು ಮುಚ್ಚಿದ ಕ್ಷೌರದಂಗಡಿಯ ಮೂರು ಕುರ್ಚಿಗಳನ್ನು. ಅಕ್ಕ ಅವುಗಳ ಕಾಲು ಕಟ್ಟಿ, ಮೇಲೊಂದು ಗವಸು ತೊಡಿಸಿ, ಹಿಂದಿನ ಜನ್ಮ ಮರೆಸಿದ್ದಾಳೆ. ದೀಪದ ಟೋಪಿ ಒಂದು ಕಾಲದಲ್ಲಿ ಕೊಡೆಯಾಗಿತ್ತು. ಬಟ್ಟೆ ಆರಿಸುವುದು ಅಮ್ಮನ ಕೆಲಸ. ಹಳೇ ಸಾಮಾನಿನ ಬೀದಿಗೆ ಹೋಗಿ ಬಟ್ಟೆಯನ್ನು ಚಿವುಟುತ್ತಾಳೆ, ಮೂಸುತ್ತಾಳೆ, ಕಿವಿಯ ಹತ್ತಿರ ಹಿಡಿದು ಜಗ್ಗುತ್ತಾಳೆ. ಹರಿಯುವ ಬಟ್ಟೆ ಮೊದಲೇ ಹೇಳಿಬಿಡುತ್ತದಂತೆ. ಅವಳದು ಒಂದೇ ಕಟ್ಟಳೆ: ಕತ್ತರಿಸಿ ಎಸೆಯಬಾರದು, ಮಡಚಿ ಒಳಗೆ ಹಾಕಬೇಕು. ಕಲೆ, ಗುರುತು, ಹಳೇ ಜೇಬು ಎಲ್ಲವೂ ಒಳಮಗ್ಗುಲಿಗೆ. ನಮ್ಮ ಪಾಲಿಗೆ ಅದೇ ಹೊರಮಗ್ಗುಲು.

ಅಕ್ಕ ಹನ್ನೆರಡು ವರ್ಷದಿಂದ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿ ಕೋಣೆಯಲ್ಲಿ ಆಲ್ಟ್ರೇಷನ್ ಮಾಡುತ್ತಿದ್ದಳು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಮದುವೆಯಾದ ಮೇಲೆ ಊದಿಕೊಂಡ ಗಂಡಸರ ಸೊಂಟ ಬಿಡಿಸುವುದು. ಬೇರೆಯವರು ಚಾಕ್‌ಪೀಸಿನಲ್ಲಿ ಎಳೆದ ಗೆರೆಯ ಮೇಲೆ ಹೊಲಿಯುವುದು ಅವಳ ಬದುಕು. ಹೋದ ವಾರ ಆ ಅಂಗಡಿಗೆ ಲಾಡ್ಜೊಂದರ ಯಜಮಾನಿ ಪರದೆ ಗಿಡ್ಡ ಮಾಡಿಸಲು ಬಂದಿದ್ದರು. ಅಕ್ಕ ಪರದೆ ಮುಟ್ಟಿ ನೋಡಿ, "ಇದು ಗಿಡ್ಡ ಮಾಡಿದ್ರೂ ಹಾಗೇ ಕಾಣುತ್ತೆ. ತಪ್ಪು ಉದ್ದದ್ದಲ್ಲ, ಪರದೇದು" ಎಂದುಬಿಟ್ಟಳು. ಯಜಮಾನಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಲಾಡ್ಜಿನ ಕೋಣೆಗಳನ್ನೆಲ್ಲ ಹೊಸದಾಗಿ ಸಿಂಗರಿಸಬೇಕೆಂದಿದ್ದೇನೆ, ನಿನ್ನ ಮನೆ ನೋಡಿ ತೀರ್ಮಾನಿಸುತ್ತೇನೆ, ಭಾನುವಾರ ನಾಲ್ಕಕ್ಕೆ ಬರುತ್ತೇನೆ ಎಂದರು.

ಶನಿವಾರ ಅಕ್ಕ ತನ್ನ ಸ್ವಂತ ಕತ್ತರಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

"ಕತ್ತರಿ ಯಾಕೆ ತಂದೆ?" ನಾನು ಪಿಸುಗುಟ್ಟಿದೆ.

"ಕೆಲಸ ಬಿಟ್ಟೆ ಕಣೇ. ಧಣಿಗೆ ಹೇಳಿದೆ, ನಿಮ್ಮ ಪ್ಯಾಂಟೂ ಒಂದು ಕಾಲು ಗಿಡ್ಡ ಇದೆ, ಹನ್ನೆರಡು ವರ್ಷದಿಂದ ನೋಡ್ತಿದ್ದೀನಿ ಅಂತ."

"ಲಾಡ್ಜ್ ಕೆಲಸ ಸಿಕ್ಕಿದ್ಮೇಲೆ ಬಿಡೋದಲ್ವಾ?"

"ಸಿಗುತ್ತೆ ಬಿಡು."

"ಅಮ್ಮಂಗೆ?"

"ಸಿಕ್ಕಿದ್ಮೇಲೆ ಹೇಳ್ತೀನಿ. ನೀನು ಬಾಯಿಗೆ ಹೊಲಿಗೆ ಹಾಕ್ಕೋ."

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ಅಕ್ಕ ಕುಲಾವಿ ಹೊಲಿದು, ಅಂಚಿಗೆ ಲೇಸು ಕೂಡ ಇಟ್ಟಿದ್ದಳು.

ಭಾನುವಾರ ಎರಡೂವರೆಗೆ ಬಾಗಿಲು ಬಡಿದ ಸದ್ದಾಯಿತು. ಮನೆ ಇನ್ನೂ ಉಲ್ಟಾ ಇತ್ತು. ಅಮ್ಮ ಹಾಲಿನವನೆಂದುಕೊಂಡು ತೆಗೆದಳು. ಹೊರಗೆ ಅರವತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು. ಕೊರಳಿನಿಂದ ಕನ್ನಡಕ ತೂಗುತ್ತಿತ್ತು.

"ನಾಲ್ಕಕ್ಕಲ್ವಾ ಮೇಡಂ..." ಎಂದಳು ಅಕ್ಕ.

"ಹೇಳಿದ ಹೊತ್ತಿಗೆ ಬಂದ್ರೆ ಮನೆ ಕಾಣಲ್ಲ, ತಯಾರಿ ಕಾಣುತ್ತೆ. ಲಾಡ್ಜ್ ನಡೆಸೋಳು ನಾನು, ಇಷ್ಟೂ ಗೊತ್ತಿರಲ್ವಾ?"

"ತಾವು ಒಂದೈದು ನಿಮಿಷ ಹೊರಗೇ ನಿಂತಿರ್ತೀರಾ?" ಅಮ್ಮ ಬಹಳ ಮರ್ಯಾದೆಯಿಂದ ಕೇಳಿದಳು.

ಯಜಮಾನಿ ಆಗಲೇ ಸೋಫಾದಲ್ಲಿ ಕೂತಿದ್ದರು. ಒರಗಿಕೊಳ್ಳಲು ಒಂದು ದಿಂಬು ಎಳೆದುಕೊಂಡವರು ಹಾಗೇ ತಡೆದರು. ಕನ್ನಡಕ ಏರಿಸಿದರು. ದಿಂಬಿನ ಮೂಲೆಯಲ್ಲಿ ಕೆಂಪು ದಾರದ, ಹೆಬ್ಬೆರಳಿನಷ್ಟು ದೊಡ್ಡ ಗುರುತಿತ್ತು.

"ಈ ಬಟ್ಟೆ ಎಲ್ಲಿ ಸಿಕ್ತು?"

ಅಮ್ಮನಿಗೆ ಬಟ್ಟೆಯ ವಿಷಯ ಬಂದರೆ ಉಸಿರು ಮರಳುತ್ತದೆ. "ಹಳೇ ಸಾಮಾನಿನ ಬೀದೀಲಿ ಮೇಡಂ. ಈ ಕೆಟಲ್ ಗುರುತಿನ ಬಟ್ಟೆ ಸಿಕ್ರೆ ಬಿಡಲ್ಲ ನಾನು. ಏನು ಗಟ್ಟಿ ಅಂತೀರಿ! ಯಾವುದೋ ಟೀ ಅಂಗಡಿಯೋರದ್ದು ಇರ್ಬೇಕು."

"ಕೆಟಲ್ಲಾ?"

"ಹ್ಞೂಂ. ಇದು ಮೂತಿ, ಇದು ಹಿಡಿ."

"ಇದು ಹಂಸ" ಎಂದರು ಯಜಮಾನಿ. "ನಮ್ಮ ಲಾಡ್ಜಿನ ಗುರುತು. ನಾನೇ ಕೂತು ಕೈಯಾರೆ ಹಾಕಿದ್ದು. ಮಂಚದ ಒಂದೊಂದು ಹಾಸಿಗೂ."

ಯಜಮಾನಿ ಎದ್ದು ಮನೆಯೆಲ್ಲ ಒಂದು ಸುತ್ತು ಹಾಕಿದರು. ಪರದೆಯ ಮೇಲೆ ಹಂಸ. ಮೇಜಿನ ಬಟ್ಟೆಯ ಮೇಲೆ ಹಂಸ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯ ಮೇಲೆ, ಅರ್ಧ ಸುಟ್ಟ ಹಂಸ. ಕೊನೆಗೆ ಬಾಗಿಲ ಬಳಿಯ ಕಾಲೊರೆಸು. ತಾವು ಅದನ್ನು ತುಳಿದೇ ಒಳಗೆ ಬಂದದ್ದೆಂದು ಅವರಿಗೆ ಆಗ ಗೊತ್ತಾಯಿತು. ಮಗುಚಿಟ್ಟಿದ್ದರೆ ಒಂದೂ ಕಾಣುತ್ತಿರಲಿಲ್ಲ. ಒಂದೂವರೆ ಗಂಟೆಯ ಅಂತರದಲ್ಲಿ ನಾವು ಗೌರವಸ್ಥರಾಗುವುದು ತಪ್ಪಿತ್ತು.

"ನಾವು ಕದ್ದಿಲ್ಲಮ್ಮಾ, ಕೊಂಡಿದ್ದು" ಎಂದಳು ಅಮ್ಮ.

"ನನಗೆ ಗೊತ್ತು ಯಾರ ಕೆಲಸ ಅಂತ. ನನ್ನ ತಮ್ಮ. ಹಳೇ ಹಾಸೆಲ್ಲ ಅವನ ಕೈಗೆ ಕೊಟ್ಟು ಸುಟ್ಟುಬಿಡು ಅಂತೀನಿ. ನಮ್ಮ ಗುರುತಿನ ಹರಕು ಬಟ್ಟೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಅಂತ. ಸುಟ್ಟೆ ಅಕ್ಕಾ ಅಂತಾನೆ. ಹಿತ್ತಿಲಲ್ಲಿ ಹೊಗೆ ಬೇರೆ ತೋರಿಸ್ತಾನೆ!"

"ಸುಡೋದಾ?" ಅಮ್ಮನ ಭಯವೆಲ್ಲ ಎಲ್ಲಿಗೋ ಹಾರಿತು. "ಇಂಥ ಬಟ್ಟೇನಾ? ಕೈ ಹೇಗೆ ಬರುತ್ತಮ್ಮಾ ನಿಮಗೆ? ನಿಮ್ಮ ತಮ್ಮ ಪುಣ್ಯಾತ್ಮ, ಬರೀ ಎಲೆ ಸುಟ್ಟು ನಿಮ್ಮ ಪಾಪ ತಪ್ಪಿಸಿದ್ದಾನೆ."

"ಅಮ್ಮಾ, ಸುಮ್ನಿರು" ಎಂದೆ ನಾನು. ಅಕ್ಕನ ಹನ್ನೆರಡು ವರ್ಷದ ಕೆಲಸ ನಿನ್ನೆ ಹೋಗಿತ್ತು, ನಾಳೆಯದು ಕಣ್ಣೆದುರೇ ಕಾಲೊರೆಸಿನ ಮೇಲೆ ನಿಂತು ಸಿಟ್ಟಾಗುತ್ತಿತ್ತು.

ಯಜಮಾನಿ ದಿಂಬನ್ನು ಅಕ್ಕನ ಮೂಗಿನ ಕೆಳಗೆ ಹಿಡಿದರು. "ನೀನು ಹೇಳಮ್ಮಾ. ಹೊಲಿಗೆ ಬಲ್ಲವಳು. ಇದು ಏನು?"

ಒಂದು ಹಂಸಕ್ಕೆ ಹ್ಞೂಂ ಅಂದಿದ್ದರೆ ಸಾಕಿತ್ತು. ಆದರೆ ನನ್ನ ಅಕ್ಕ ಯಾವ ವಿಷಯದಲ್ಲಾದರೂ ಸುಳ್ಳು ಹೇಳಬಲ್ಲಳು, ಹೊಲಿಗೆಯ ವಿಷಯದಲ್ಲಿ ನಾಲಗೆ ಹೊರಳುವುದಿಲ್ಲ.

"ಕೆಟಲ್" ಎಂದಳು. "ಹೊಟ್ಟೆ ಸರಿಯಾಗೇ ಬಂದಿದೆ. ಕತ್ತು ಮಾತ್ರ ತೀರಾ ಕೆಳಗಿಂದ ಎದ್ದಿದೆ, ಅದಕ್ಕೇ ಮೂತಿ ಥರ ಕಾಣ್ತಿದೆ. ರೆಕ್ಕೆ ಎತ್ತಿದ್ದೀರಲ್ಲಾ, ಅದು ಹಿಡಿ ಆಗಿಬಿಟ್ಟಿದೆ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕೈ ಸೂಜಿಗೆ ಕೆಂಪು ದಾರ ಪೋಣಿಸಿತ್ತು. ಕೇಳುವ ಗೋಜಿಗೇ ಹೋಗದೆ ದಿಂಬನ್ನು ಮಂಡಿಯ ಮೇಲಿಟ್ಟುಕೊಂಡು ರೆಕ್ಕೆ ಬಿಚ್ಚಿದಳು, ಕತ್ತಿಗೆ ಬುಡದಿಂದ ಎಂಟ್ಹತ್ತು ಎಳೆ ಕೊಟ್ಟಳು. ಯಜಮಾನಿ ಬಗ್ಗಿ ನೋಡಿದರು. ಅಮ್ಮನೂ ಬಗ್ಗಿದಳು.

"ಈಗ?" ಯಜಮಾನಿ ಕೇಳಿದ್ದು ಅಮ್ಮನನ್ನು.

"ಈಗ ಬಾತುಕೋಳಿ."

ಅಕ್ಕ ಇನ್ನೆರಡು ಎಳೆ ಹಾಕಿದಳು.

"ಹ್ಞಾ. ಹಂಸ" ಎಂದಳು ಅಮ್ಮ. "ಸ್ವಲ್ಪ ನೆಗಡಿಯಾಗಿರೋ ಹಂಸ."

ಯಜಮಾನಿಯ ಹೆಗಲು ಕುಣಿಯತೊಡಗಿತು. ಮೊದಲು ಅಳುತ್ತಿದ್ದಾರೆಂದು ಹೆದರಿದೆ, ನಗುತ್ತಿದ್ದರು. "ಮೂವತ್ತು ವರ್ಷ! ಸಾವಿರ ಜನ ಇದರ ಮೇಲೆ ಮಲಗೆದ್ದು ಹೋದ್ರು. ಒಬ್ಬರೂ ಹೇಳಲಿಲ್ಲವಲ್ಲಾ!" ಕಣ್ಣೊರೆಸಿಕೊಂಡು ಅಕ್ಕನ ಕಡೆ ತಿರುಗಿದರು. "ಲಾಡ್ಜಲ್ಲಿ ಇನ್ನೂ ನೂರೆಂಬತ್ತು ಹಾಸುಗಳಿವೆ. ಎಲ್ಲದರ ಕತ್ತೂ ಸರಿ ಮಾಡಿಕೊಡು. ನಾಳೆಯಿಂದಲೇ ಬಾ."

"ಬರ್ತಾಳೆ, ಬರ್ತಾಳೆ!" ಎಂದಳು ಅಮ್ಮ.

"ಬರಲ್ಲ" ಎಂದಳು ಅಕ್ಕ.

ನನಗೆ ಅವಳ ಕತ್ತನ್ನೇ ಸರಿ ಮಾಡಬೇಕೆನ್ನಿಸಿತು.

"ತಿದ್ದೋ ಕೆಲಸ ನಾನು ಬಿಟ್ಟಿದ್ದೀನಿ ಮೇಡಂ."

"ಯಾವಾಗಿಂದ?" ಕೇಳಿದ್ದು ಅಮ್ಮ.

"ನಿನ್ನೆಯಿಂದ."

ಅಮ್ಮ ಸೋಫಾದ ಮೇಲೆ ಧೊಪ್ಪನೆ ಕೂತಳು. "ನಿನ್ನೆಯಿಂದ! ನಿನ್ನೆಯಿಂದ ಮೂರು ಸಲ ಊಟ ಮಾಡಿದೀಯಲ್ಲೇ, ಒಂದು ತುತ್ತಿಗಾದ್ರೂ ಬಾಯಿ ಬಿಟ್ಟು ಹೇಳಬಾರದಿತ್ತಾ? ಇನ್ನು ಹೊಟ್ಟೆಗೇನು ಗುಂಡಿ ಹೊಲ್ಕೊಂಡಿರ್ತೀಯಾ?" ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ಗೊತ್ತಿತ್ತು. ಮುಖ ನೋಡಿದ್ರೇ ಗೊತ್ತಾಗುತ್ತೆ, ಕದ್ದ ಬೆಕ್ಕು" ಎಂದಳು.

"ಮತ್ತೇನು ಮಾಡ್ತೀಯಮ್ಮಾ ನೀನು?" ಯಜಮಾನಿ ಕೇಳಿದರು.

"ಒಂದು ರೂಮು ಕೊಡಿ. ಪರದೆಯಿಂದ ಕಾಲೊರೆಸಿನವರೆಗೆ ಎಲ್ಲ ನಾನೇ. ನೀವು ಸುಡೋಕೆ ಇಟ್ಟಿರೋ ಬಟ್ಟೆಯಲ್ಲೇ ಮಾಡ್ತೀನಿ, ಹೊಸದು ಒಂದು ಗೇಣೂ ಬೇಡ. ಆದ್ರೆ ಗೆರೆ ನನ್ನದು. ಯಾರೂ ಬಂದು ಚಾಕ್ ಹಿಡಿಯಬಾರದು."

ಯಜಮಾನಿ ಕಿಟಕಿಯ ಹತ್ತಿರ ಹೋಗಿ ಪರದೆಯ ತುದಿ ಹಿಡಿದು ಮಗುಚಿದರು. ನಾನೂ ನೋಡಿದೆ, ಅತಿಥಿಗಳಿದ್ದಾಗ ಲೋಟ, ತಟ್ಟೆ ಹೊರುವ ಗಡಿಬಿಡಿಯಲ್ಲಿ ನನಗದು ಕಂಡೇ ಇರಲಿಲ್ಲ. ಮಾಸಿದ ಬಿಳಿ ಹಾಸಿನ ಮೇಲೆ ಬ್ಯಾಂಡ್ ಮೇಳದವರ ಹಳೇ ಕೋಟುಗಳ ಚೂರುಗಳು, ಒಂದೊಂದೂ ಒಂದೊಂದು ಛಾವಣಿ. ಮೇಲೊಂದು, ಕೆಳಗೊಂದು, ಇಡೀ ಒಂದು ಬೀದಿ. ಹಿತ್ತಾಳೆಯ ಗುಂಡಿಗಳು ದೀಪಗಳಾಗಿ ಉರಿಯುತ್ತಿದ್ದವು. ಇನ್ನೊಬ್ಬರ ಪ್ಯಾಂಟು ಹೊಲಿದು ಬಂದ ಮೇಲೆ ಅವಳು ಮಾಡುತ್ತಿದ್ದದ್ದು ಇದು.

"ಒಂಬತ್ತನೇ ರೂಮಿದೆ" ಎಂದರು ಯಜಮಾನಿ ಕೊನೆಗೆ. "ಕಿಟಕಿ ತೆಗೆದ್ರೆ ಎರಡಡಿ ಆಚೆ ಪಕ್ಕದ ಕಟ್ಟಡದ ಗೋಡೆ. ಬಂದೋರು ಯಾರೂ ಎರಡನೇ ದಿನ ನಿಲ್ಲಲ್ಲ. ಅದನ್ನ ಮಾಡು. ಒಬ್ಬರು, ಒಬ್ಬರೇ ಒಬ್ಬರು, ಎರಡನೇ ದಿನಕ್ಕೆ ನಿಂತ್ರೆ ಉಳಿದ ರೂಮೆಲ್ಲ ನಿಂದು. ನಿಲ್ಲದಿದ್ರೆ ನೂರೆಂಬತ್ತು ಕತ್ತು."

ಅಕ್ಕ ಮೂರು ವಾರ ಅಲ್ಲೇ ಬಿಡಾರ ಹೂಡಿದಳು. ಅಮ್ಮ ಅವಳೊಡನೆ ಮಾತು ಬಿಟ್ಟಿದ್ದಳು, ಆದರೆ ಲಾಡ್ಜಿನವರು ಸುಡಲಿಟ್ಟ ಗಂಟಿನಿಂದ ಬಟ್ಟೆ ಆರಿಸಲು ದಿನಾ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. "ಇವಳಿಗೆ ಹೇಳು, ಇದು ಹರಿಯುತ್ತೆ ಅಂತ" ಎಂದು ನನ್ನ ಮೂಲಕ ಹೇಳಿಸುತ್ತಿದ್ದಳು. ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಮೇಲಿನಿಂದ ಒಂದಿಷ್ಟು ಬೆಳಕು ಇಳಿಯುವುದನ್ನು ಅಕ್ಕ ಮೊದಲ ದಿನವೇ ನೋಡಿಟ್ಟಿದ್ದಳು. ತೆಳ್ಳಗೆ ಸವೆದ ಎರಡು ಹಾಸುಗಳ ನಡುವೆ ಹಸಿರು ಮೇಜುಬಟ್ಟೆಯ ಚೂರುಗಳನ್ನು ಎಲೆಯಂತೆ ಕತ್ತರಿಸಿಟ್ಟು, ಬುಡ ಮಾತ್ರ ಹೊಲಿದು, ತುದಿ ಸಡಿಲ ಬಿಟ್ಟು, ಆ ಬೆಳಕಿಗೆ ಎದುರಾಗಿ ಕಿಟಕಿಗೆ ಪರದೆ ಕಟ್ಟಿದಳು. ಕತ್ತರಿಸುವಾಗ ಅಮ್ಮ ಆಚೆ ಮುಖ ಮಾಡಿ ಕೂತಿದ್ದಳು.

ಮೊದಲ ಗಿರಾಕಿ ಕನ್ನಡಕದ ಫ್ರೇಮುಗಳನ್ನು ಮಾರುವ ಪ್ರತಿನಿಧಿ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ನಾವು ಮೂವರೂ ಲಾಡ್ಜಿನ ಹಜಾರದ ಬೆಂಚಿನ ಮೇಲೆ, ಆಪರೇಷನ್ ಕೋಣೆಯ ಹೊರಗಿನವರ ಹಾಗೆ ಕೂತಿದ್ದೆವು. ಆತ ಮೆಟ್ಟಿಲು ಇಳಿದು ಬಂದ. ಕೈಯಲ್ಲಿ ಪೆಟ್ಟಿಗೆಯಿತ್ತು. ಅಕ್ಕ ಪೆಟ್ಟಿಗೆ ನೋಡಿ ಕಣ್ಣು ಮುಚ್ಚಿದಳು.

"ಆ ರೂಮು ಇನ್ನೊಂದು ದಿನಕ್ಕೆ ಬರ್ಕೊಳ್ಳಿ ಮೇಡಂ" ಎಂದ ಆತ. "ಇವತ್ತು ಅಂಗಡಿಗಳಿಗೆ ಹೋಗೋ ಅವಸರ, ಪರದೆ ಸರಿಸೋಕೂ ಆಗಲಿಲ್ಲ. ಎಲೆ ಅಲ್ಲಾಡೋದು ಮಲಗಿದಲ್ಲಿಂದಲೇ ಕಾಣ್ತಿತ್ತು. ಆ ಕಡೆ ತೋಟ ಅಲ್ವಾ? ನಾಳೆ ನಿಧಾನವಾಗಿ ನೋಡ್ತೀನಿ."

"ತೋಟ ಎಲ್ಲಿದೆಯಪ್ಪಾ, ಅದು..." ಎಂದು ಅಮ್ಮ ಸತ್ಯ ನುಡಿಯಲು ಬಾಯಿ ತೆರೆದಳು. ಅಕ್ಕ ಅವಳ ಕಾಲು ತುಳಿದಳು. ಅಮ್ಮ ಅಯ್ಯಮ್ಮಾ ಎಂದು, ಮೂರು ವಾರದ ಮೇಲೆ ಮೊದಲ ಸಲ ಅಕ್ಕನನ್ನೇ ನೇರವಾಗಿ ಬೈದಳು.

"ಬರ್ಕೊಂಡೆ" ಎಂದರು ಯಜಮಾನಿ, ದಪ್ಪ ಪುಸ್ತಕದಿಂದ ತಲೆಯೆತ್ತದೆ.

ಆತ ಪೆಟ್ಟಿಗೆಯೊಂದಿಗೆ ಬೀದಿಗಿಳಿದ ಮೇಲೆ ಅವರು ಸೊಂಟದ ಗೊಂಚಲು ತೆಗೆದು ಎಂಟನೇ ರೂಮಿನ ಬೀಗದ ಕೈ ಬಿಡಿಸತೊಡಗಿದರು. ಗೊಂಚಲಿನ ಬಳೆ ಬಿಗಿಯಾಗಿತ್ತು, ಬೇಗ ಬಿಡಲಿಲ್ಲ. ಅಕ್ಕ ಎದ್ದು ಹೋಗಿ, ಅಂಗೈ ಚಾಚಿ, ಕಾಯುತ್ತ ನಿಂತಳು.